ರುಚಿ ನೋಡುವ ಭಟ್ಟ

ನಮ್ಮ ಕಸುಬಿನಲ್ಲಿ ಅಡುಗೆ ಮಾಡುವವನು ರುಚಿ ನೋಡುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ದೇವರಿಗೆ ನೈವೇದ್ಯವಾಗುವ ಮೊದಲು ನಾಲಗೆಗೆ ಮುಟ್ಟಿಸಿದರೆ ಅದು ಎಂಜಲು, ಎಂಜಲನ್ನು ದೇವರ ಮುಂದೆ ಇಡುವ ಹಾಗಿಲ್ಲ. ಆದ್ದರಿಂದ ಉಡುಪಿಯ ಕಡೆಯ ದೇವಸ್ಥಾನದ ಅಡುಗೆಮನೆಗಳಲ್ಲಿ ಕಲಿತವರು ಉಪ್ಪನ್ನು ಕೈಯಲ್ಲೇ ಅಳೆಯುತ್ತಾರೆ, ಕುದಿಯ ಸದ್ದು ಕೇಳುತ್ತಾರೆ, ಹಬೆಗೆ ಮೂಗು ಒಡ್ಡುತ್ತಾರೆ. ನಾನು ಕಲಿತದ್ದೂ ಹಾಗೆಯೇ, ದೊಡ್ಡಪ್ಪನ ಕೈಕೆಳಗೆ. ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟ್ ಎಂಬ ಪೇಟೆಯ ಒಂದು ಹೋಟೆಲಿಗೆ ಸೇರಿದಾಗ ನನ್ನ ಸಂಗಡ ಬಂದ ವಿದ್ಯೆ ಇದೊಂದೇ.

ಹೋಟೆಲು ದೇವಸ್ಥಾನವಲ್ಲ. ಆದರೂ ನಮ್ಮಲ್ಲಿ ಬೆಳಿಗ್ಗೆ ಏಳು ಗಂಟೆಗೆ ಸಾಂಬಾರಿನ ಮೊದಲ ಸೌಟು, ಎರಡು ಇಡ್ಲಿ, ಒಂದು ಲೋಟ ಕಾಫಿ ದೇವರ ಪಟದ ಮುಂದೆ ಹೋಗುತ್ತದೆ. ಅಲ್ಲಿಯವರೆಗೆ ಯಾರೂ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಆಮೇಲೆ ಹಾಕಬಹುದು, ಶಾಸ್ತ್ರದ ಅಡ್ಡಿಯೇನೂ ಇಲ್ಲ. ಆದರೆ ಮುಖ್ಯ ಅಡುಗೆಯವನು ಆಮೇಲೂ ನೋಡುವುದಿಲ್ಲ, ಅದು ಮರ್ಯಾದೆಯ ಪ್ರಶ್ನೆ. ಸೌಟು ಬಗ್ಗಿಸಿ ಅಂಗೈಗೆ ಸಾಂಬಾರು ಹಾಕಿಕೊಂಡು ನೆಕ್ಕುವ ಭಟ್ಟನನ್ನು ಕಂಡರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಯಾರೂ ರುಚಿ ನೋಡದ ಕಾರಣ ಉಪ್ಪು ಹಾಕುವುದಕ್ಕೂ ಒಂದು ಕ್ರಮ ಇದೆ. ಒಬ್ಬನೇ ಹಾಕಬೇಕು, ಹಾಕಿದ ಕೂಡಲೇ ಗಟ್ಟಿಯಾಗಿ ಹೇಳಬೇಕು. “ಸಾಂಬಾರಿಗೆ ಉಪ್ಪು ಹಾಕಿದೆ” ಎಂದು ನಾನು ಕೂಗುವುದು, “ಆಯ್ತು” ಎಂದು ಉಳಿದವರು ಓಗೊಡುವುದು. ಇಲ್ಲದಿದ್ದರೆ ಎರಡು ಸಲ ಬೀಳುತ್ತದೆ, ಅಥವಾ ಬೀಳುವುದೇ ಇಲ್ಲ.

ಈ ವಿದ್ಯೆಯಿಂದ ನನಗೊಂದು ಹೆಸರು ಬಂದಿತ್ತು. ಬ್ಯಾಂಕಿನವರು, ಕೋರ್ಟಿನ ವಕೀಲರು ಬಿಲ್ಲು ಕೊಡುವಾಗ ಗಲ್ಲಾದಲ್ಲಿ ಕೂತ ಧನಿಗಳಿಗೆ ಹೇಳಿ ಹೋಗುತ್ತಿದ್ದರು, ನಿಮ್ಮ ಸಾಂಬಾರು ನಿನ್ನೆ ಹೇಗಿತ್ತೋ ಇವತ್ತೂ ಹಾಗೆಯೇ ಇದೆ ಎಂದು. ಧನಿಗಳು ಅಂದರೆ ನಮ್ಮ ಹೋಟೆಲಿನ ಮಾಲಿಕರು, ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಅವರು ಆ ಮಾತನ್ನು ಒಳಗೆ ಬಂದು ನನಗೆ ದಾಟಿಸುತ್ತಿದ್ದರು. ನಾನು ತಲೆಯೆತ್ತದೆ ಹೂಂ ಅನ್ನುತ್ತಿದ್ದೆ. ಆ ಹೂಂ ಅನ್ನುವುದರಲ್ಲಿ ಎಷ್ಟು ಅಹಂಕಾರ ಇತ್ತೆಂದು ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಕುಡಿತ ಯಾಕೆ ಶುರುವಾಯಿತು ಎಂದು ಕೇಳಿದವರಿಗೆ ನಾನು ಬೇರೆ ಬೇರೆ ಕಾರಣ ಕೊಟ್ಟಿದ್ದೇನೆ. ಅಮ್ಮ ತೀರಿಕೊಂಡದ್ದು, ಬೆನ್ನು ನೋವು, ಒಲೆಯ ಸೆಕೆ. ನಿಜವಾದ ಕಾರಣ ಅಷ್ಟು ಉದ್ದದ್ದಲ್ಲ, ನನಗೆ ಅದು ಸೇರಿತು. ಮೊದಲು ಭಾನುವಾರಕ್ಕೆ ಇದ್ದದ್ದು ಶನಿವಾರಕ್ಕೂ ಹಬ್ಬಿತು, ಆಮೇಲೆ ಸಂಜೆಗೆ, ಆಮೇಲೆ ಬೆಳಗಿಗೆ. ಜನಿವಾರ ಹಾಕಿದವನು ಕುಡಿಯುತ್ತಾನೆಂದು ಯಾರೂ ಊಹಿಸಲಿಕ್ಕಿಲ್ಲ ಎಂಬ ಧೈರ್ಯ ಬೇರೆ. ಹೋಟೆಲಿನ ಸ್ಟೋರ್ ರೂಮಿನ ಮೇಲಿನ ಹಲಗೆಯಲ್ಲಿ, ಇಂಗಿನ ಡಬ್ಬದ ಹಿಂದೆ, ಬಾಟಲಿ ಇರುತ್ತಿತ್ತು. ಇಂಗಿನ ವಾಸನೆ ಬರುವ ಮನುಷ್ಯನಿಂದ ಇನ್ನೊಂದು ವಾಸನೆ ಬರುತ್ತಿದೆಯೆಂದು ಯಾರಿಗೂ ತಿಳಿಯದು ಎಂಬುದು ನನ್ನ ಸಂಶೋಧನೆ. ಸಾಂಬಾರಿಗೆ ಉಪ್ಪು ಹಾಕಿ, ಕೂಗಿ ಹೇಳಿ, ದೇವರಿಗೆ ಮೊದಲ ಸೌಟು ಹೋದ ಮೇಲೆ ಸ್ಟೋರಿಗೆ ಹೋಗಿ ಐದು ನಿಮಿಷ ಕಳೆದು ಬರುವುದು ನನ್ನ ದಿನಚರಿಯಾಗಿತ್ತು. ಆರು ವರ್ಷ ಹೀಗೆ ನಡೆಯಿತು. ಆ ಆರು ವರ್ಷವೂ ಗಿರಾಕಿಗಳು ಸಾಂಬಾರನ್ನು ಹೊಗಳುತ್ತಲೇ ಇದ್ದರು.

ಕುಡಿತ ನಿಂತದ್ದು ಹೀಗೆ. ಮಳೆಗಾಲದ ಒಂದು ದಿನ ಮುಲುಂಡಿನ ಮನೆಯಲ್ಲಿ ಎಚ್ಚರವಾದಾಗ ಗಡಿಯಾರದಲ್ಲಿ ನಾಲ್ಕು ಗಂಟೆ. ಹೊರಗೆ ಮೋಡ ಕವಿದು ಮಬ್ಬಾಗಿತ್ತು. ಹೆಂಡತಿ ಮನೆಯಲ್ಲಿರಲಿಲ್ಲ, ಅದನ್ನು ನಾನು ಗಮನಿಸಲೂ ಇಲ್ಲ. ಸ್ನಾನ ಮಾಡಿ, ಲೋಕಲ್ ರೈಲು ಹಿಡಿದು, ವಿಟಿ ಸ್ಟೇಷನ್ನಿನಲ್ಲಿ ಇಳಿದು ಹೋಟೆಲಿಗೆ ನಡೆದೆ. ಗಾಡಿ ಖಾಲಿ ಇತ್ತು, ಎದುರಿನ ಪ್ಲಾಟ್‌ಫಾರಂ ಕಿಕ್ಕಿರಿದಿತ್ತು. ಇಷ್ಟು ಬೆಳಿಗ್ಗೆ ಇಷ್ಟು ಜನ ಮನೆಗೆ ಯಾಕೆ ಹೋಗುತ್ತಾರೆ ಎಂದು ಒಮ್ಮೆ ಅನ್ನಿಸಿತು. ಅಡುಗೆಮನೆಗೆ ಬಂದು ಬೈರಾಸನ್ನು, ನಮ್ಮ ಕಡೆಯ ಹತ್ತಿಯ ಟವೆಲನ್ನು, ಹೆಗಲಿಗೆ ಹಾಕಿಕೊಂಡು ಬೇಳೆ ಎಲ್ಲಿ ಎಂದು ಕೇಳಿದೆ. ನನ್ನ ಜೊತೆಗಾರ, ಇಪ್ಪತ್ತು ವರ್ಷಗಳಿಂದ ನನ್ನ ಪಕ್ಕದ ಒಲೆಯಲ್ಲಿ ನಿಂತವನು, ನನಗಿಂತ ಸಣ್ಣವನು, ನಾನೇ ಕೆಲಸ ಕಲಿಸಿದವನು, ನಿಧಾನವಾಗಿ ಹೇಳಿದ. “ಭಟ್ರೆ, ಈಗ ಸಂಜೆ. ನೀವು ಬೆಳಿಗ್ಗೆ ಬಂದು ಅಡುಗೆ ಮಾಡಿ ಹೋಗಿ ಆಯ್ತಲ್ಲ?”

ನನಗೆ ಒಂದು ಚೂರೂ ನೆನಪಿರಲಿಲ್ಲ. ಬೆಳಿಗ್ಗೆ ಬಂದದ್ದು, ನೂರಾರು ಜನರಿಗೆ ಸಾಂಬಾರು ಮಾಡಿದ್ದು, ಮಧ್ಯಾಹ್ನ ಮನೆಗೆ ಹೋದದ್ದು, ಒಂದೂ. ಸಾಂಬಾರು ಹೇಗಿತ್ತು ಎಂದು ಕೇಳಿದೆ, ಬೇರೇನು ಕೇಳಬೇಕೆಂದು ಹೊಳೆಯಲಿಲ್ಲ. “ಯಾವಾಗಿನ ಹಾಗೆ ಇತ್ತು” ಎಂದ ಅವನು. ನನಗೆ ಹೆದರಿಕೆಯಾಯಿತು. ನಾನು ಇಲ್ಲದೆಯೇ ನನ್ನ ಕೈ ಅಡುಗೆ ಮಾಡಿ ಮುಗಿಸಿತ್ತು. ಮರುದಿನ ಹೆಂಡತಿ ನನ್ನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೋದಳು. ನಾನು ತಕರಾರು ಮಾಡಲಿಲ್ಲ.

ಅಲ್ಲಿಯ ಇಪ್ಪತ್ತೆಂಟು ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಮೊದಲ ವಾರ ಮೈಯೆಲ್ಲ ನಡುಗಿತು, ಎರಡನೆಯ ವಾರ ಸಿಟ್ಟು ಬಂತು, ಮೂರನೆಯ ವಾರ ಹಸಿವಾಯಿತು. ಊಟಕ್ಕೆ ಕೊಡುತ್ತಿದ್ದ ದಾಲ್‌ನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ನನಗೆ ಗೊತ್ತಾಗುತ್ತಿರಲಿಲ್ಲ. ಪಕ್ಕದ ಹಾಸಿಗೆಯ ರಿಕ್ಷಾ ಚಾಲಕ ಮುಖ ಕಿವುಚಿದಾಗ, ಓಹೋ ಸರಿಯಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ. ಅಲ್ಲಿಂದ ಹೊರಬರುವ ಹೊತ್ತಿಗೆ ಧನಿಗಳು ಫೋನು ಮಾಡಿಸಿದ್ದರು, ಒಲೆ ನಿಮ್ಮದೇ ಉಂಟು, ಬನ್ನಿ ಎಂದು.

ಮರಳಿ ಬಂದ ಮೊದಲ ವಾರವೇ ಸಾಂಬಾರು ಉಪ್ಪಾಯಿತು. ದಿನಾ ಬರುವ ವಕೀಲರೊಬ್ಬರು ಬಟ್ಟಲನ್ನು ಹಿಂದಕ್ಕೆ ಕಳಿಸಿದರು. ಎರಡು ದಿನ ಕಳೆದು ಸಪ್ಪೆಯಾಯಿತು. ಮೂವತ್ತು ವರ್ಷದಲ್ಲಿ ಆಗದ್ದು, ಕುಡಿಯುವಾಗಲೂ ಆಗದ್ದು, ಕುಡಿತ ಬಿಟ್ಟ ಮೇಲೆ ಆಯಿತು. ಇದರಿಂದ ಹೊರಡುವ ತೀರ್ಮಾನ ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ಉಪ್ಪು ಹಾಕುತ್ತಿದ್ದವನು ನಾನಲ್ಲ, ಆ ಕುಡುಕ. ಕೈಗುಣ ಅವನದ್ದು. ಅವನು ಹೋದ, ಈಗ ಅವನ ಒಲೆಯ ಮುಂದೆ ಅವನ ಬೈರಾಸು ಹಾಕಿಕೊಂಡು ಅವನ ಸಂಬಳಕ್ಕೆ ನಾನು ನಿಂತಿದ್ದೇನೆ. ಕೇಂದ್ರದಲ್ಲಿ ನಮ್ಮೊಂದಿಗೆ ಮಾತಾಡಲು ಬರುತ್ತಿದ್ದ ಹುಡುಗಿಯೊಬ್ಬಳು ಆಮೇಲೊಮ್ಮೆ ಸಿಕ್ಕಾಗ, ಇಂಥ ಭಾವನೆಗೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಬಹಳ ಜನಕ್ಕೆ ಬರುತ್ತದೆ ಎಂದಿದ್ದಳು. ಬಹಳ ಜನಕ್ಕೆ ಬರುವುದು ಭಾವನೆ, ನನ್ನದು ವಾಸ್ತವ ಎಂದು ನಾನು ಒಳಗೊಳಗೇ ಉತ್ತರ ಕೊಟ್ಟಿದ್ದೆ.

ಹಾಗಾಗಿ ರುಚಿ ನೋಡತೊಡಗಿದೆ. ಏಳು ಗಂಟೆಗೆ ದೇವರಿಗೆ ಮೊದಲ ಸೌಟು ಹೋದ ಮೇಲೆ ಒಂದು ಸಣ್ಣ ಬಟ್ಟಲಿಗೆ ಸಾಂಬಾರು ಬಗ್ಗಿಸಿ, ಬೈರಾಸಿನಡಿ ಮುಚ್ಚಿಕೊಂಡು, ಸ್ಟೋರಿಗೆ ಹೋಗಿ ಚಮಚದಲ್ಲಿ ಕುಡಿದು ನೋಡುವುದು. ಬಂದು, ಬೆಂಕಿ ಸರಿ ಮಾಡುವ ನೆಪದಲ್ಲಿ ಚಿಟಿಕೆ ಉಪ್ಪು ಸೇರಿಸುವುದು, ಅಥವಾ ಒಂದು ತಂಬಿಗೆ ಬಿಸಿನೀರು. ಚಮಚವನ್ನು ನಾನೇ ತೊಳೆದು ಇಡುತ್ತಿದ್ದೆ. ಬಾಟಲಿಗೆ ಹೋಗುತ್ತಿದ್ದ ಅದೇ ಜಾಗ, ಅದೇ ಹೊತ್ತು, ಎದೆ ಹೊಡೆದುಕೊಳ್ಳುವುದೂ ಅದೇ ಥರ. ನಾಲಗೆ ನಿಧಾನವಾಗಿ ಸರಿಯಾಯಿತು. ಮೂರು ವರ್ಷದಲ್ಲಿ ಆಮೇಲೆ ಒಂದು ಬಟ್ಟಲೂ ಹಿಂದೆ ಬರಲಿಲ್ಲ. ಪ್ರತಿಯೊಂದು ಹೊಗಳಿಕೆಗೂ ನಾನು ಒಳಗೆ ಕುಗ್ಗುತ್ತಿದ್ದೆ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವನ ಹಾಗೆ.

ಭಾನುವಾರ ಬೆಳಿಗ್ಗೆ ಮುಲುಂಡಿನ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರು ಸೇರುತ್ತೇವೆ. ಮಕ್ಕಳು ಕೂರುವ ಬೆಂಚುಗಳು, ಮೊಣಕಾಲು ಮಡಚಲು ಜಾಗವಿಲ್ಲ. ಮಾತು ಹಿಂದಿ, ಮರಾಠಿ. ಕನ್ನಡದವರು ಇಬ್ಬರೇ, ನಾನು ಮತ್ತು ವಿಜಯಪುರದ ಕಡೆಯ ಒಬ್ಬರು. ಅವರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಹದಿನಾಲ್ಕು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಮೂರು ವರ್ಷ ತುಂಬಿದ ದಿನ ನನ್ನಿಂದ ಕೇಕ್ ಕತ್ತರಿಸಿದರು. ಹೊಸದಾಗಿ ಬಂದವನೊಬ್ಬ ನನ್ನ ಕೈ ಹಿಡಿದು, ನಿಮ್ಮನ್ನು ನೋಡಿ ನಾನು ಇಲ್ಲಿ ಉಳಿದುಕೊಂಡೆ ಅಂಕಲ್ ಎಂದ. ನನಗೆ ಅವನ ಕೈಯಿಂದ ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು.

ಹೊರಗೆ ಬಂದ ಮೇಲೆ ಚಹಾದ ಗಾಡಿಯ ಹತ್ತಿರ ಆ ಹಿರಿಯರಿಗೆ ಚಮಚದ ಕಥೆ ಹೇಳಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಗ್ಲಾಸಿನ ತಳದ ಚಹಾ ಮುಗಿಸಿ ಕೇಳಿದರು.

“ರುಚಿ ನೋಡೂದು ತಪ್ಪೇನ್ರಿ? ನಮ್ಮನ್ಯಾಗ ಎಲ್ಲಾರೂ ನೋಡ್ತಾರ.”

“ನಮ್ಮ ಕೆಲಸದಲ್ಲಿ ನೋಡುವ ಹಾಗಿಲ್ಲ. ನೋಡುವವನು ಭಟ್ಟನೇ ಅಲ್ಲ.”

“ಅದು ನಿಮ್ಮ ಮಂದಿ ಲೆಕ್ಕ, ನನಗ ತಿಳ್ಯಾಂಗಿಲ್ಲ. ನನಗ ತಿಳಿಯೂದು ಒಂದ ನೋಡ್ರಿ. ಚಮಚಾ ಮುಚ್ಚಿಡಾಕ ಇಷ್ಟ್ ತ್ರಾಸ ತಗೋತೀರಿ ಅಂದ್ರ, ಬಾಟ್ಲಿ ಬಿಟ್ಟೀರಿ, ಮುಚ್ಚಿಡೂ ಚಟ ಬಿಟ್ಟಿಲ್ಲ.”

ನನಗೆ ಸಿಟ್ಟು ಬಂತು. ಮೂರು ವರ್ಷದ ದಿನ, ಕೇಕಿನ ಕೆನೆ ಇನ್ನೂ ಬೆರಳಲ್ಲಿರುವಾಗ ಹೇಳುವ ಮಾತೇ ಇದು? ಚಹಾಕ್ಕೆ ನಾನೇ ಕೊಟ್ಟು, ಬರುತ್ತೇನೆ ಎಂದು ಚುಟುಕಾಗಿ ಹೇಳಿ ಹೊರಟೆ. ಎರಡು ಭಾನುವಾರ ಹೋಗಲೂ ಇಲ್ಲ.

ಆ ಎರಡು ಭಾನುವಾರಗಳ ನಡುವೆ ಧನಿಗಳು ಅಡುಗೆಮನೆಗೆ ಬಂದರು. ವಿಲೆ ಪಾರ್ಲೆಯಲ್ಲಿ ಇನ್ನೊಂದು ಹೋಟೆಲು ತೆರೆಯುವುದು ತಿಂಗಳುಗಳಿಂದ ನಡೆದಿತ್ತು. “ಅಲ್ಲಿಯ ಕಿಚನ್ ಪೂರ್ತಿ ನಿಮಗೆ ಬಿಟ್ಟದ್ದು ಭಟ್ರೆ. ಹುಡುಕುವುದು, ತೆಗೆದುಕೊಳ್ಳುವುದು, ಕಲಿಸುವುದು ಎಲ್ಲ ನೀವೇ. ಓಪನಿಂಗ್ ದಿನ ಸತ್ಯನಾರಾಯಣ ಪೂಜೆ, ಇನ್ನೂರು ಎಲೆ ಊಟ. ಅದೂ ನಿಮ್ಮ ಕೈಯದ್ದೇ ಆಗ್ಬೇಕು.”

ಮೊದಲ ಆಲೋಚನೆ ಬಂದದ್ದು, ಇವರಿಗೆ ಹೇಳಿಬಿಡಬೇಕು ಎಂದು. ಎರಡನೆಯದು, ಹೇಳಿದರೆ ಹೊಸದು ಹೋಗಲಿ, ಇರುವ ಒಲೆಯೂ ಹೋಗುತ್ತದೆ ಎಂದು. ನಾನು ಯಾವತ್ತಿನ ಹಾಗೆ ಹೂಂ ಅಂದೆ. ಕಲಿಸಬೇಕಂತೆ. ಏನನ್ನು ಕಲಿಸುವುದು, ಬೈರಾಸಿನಡಿ ಬಟ್ಟಲು ಹಿಡಿಯುವುದನ್ನೇ?

ಹೆಂಡತಿಗೆ ಹೇಳಿದಾಗ ಅವಳು ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಿದ್ದಳು. “ನಿಮಗೆ ಮನಸ್ಸಿಲ್ಲದಿದ್ರೆ ಬೇಡ ಹೇಳಿ. ಆದ್ರೆ ಮನಸ್ಸಿಲ್ಲದ್ದು ಯಾಕೆ ಅಂತ ನನ್ನ ಹತ್ರ ಆದ್ರೂ ಹೇಳಿ” ಎಂದಳು. ಸಂಜೆ ನಾನು ಮನೆಗೆ ಬಂದಾಗ ಅವಳು ಬಾಗಿಲು ತೆರೆದು ಒಂದು ಕ್ಷಣ ಹತ್ತಿರ ನಿಲ್ಲುತ್ತಾಳೆ, ಈಗಲೂ. ಉಸಿರಿನ ವಾಸನೆ ನೋಡುವುದು. ಅದನ್ನು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಅಂಥವಳಿಗೆ, ನಾನು ಇನ್ನೂ ಏನನ್ನೋ ಬಚ್ಚಿಡುತ್ತಿದ್ದೇನೆ ಎಂದು ಹೇಳುವುದು ನನ್ನಿಂದಾಗಲಿಲ್ಲ. ಬೆನ್ನು ನೋವು ಎಂದೆ.

ಪೂಜೆಯ ದಿನ ಮೊದಲ ಗಾಡಿ ಹಿಡಿದು, ದಾದರಿನಲ್ಲಿ ಬದಲಿಸಿ, ಬೆಳಕು ಹರಿಯುವ ಮೊದಲೇ ವಿಲೆ ಪಾರ್ಲೆ ಮುಟ್ಟಿದೆ. ಹೊಸ ಅಡುಗೆಮನೆಯಲ್ಲಿ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಜೊತೆಗಾರನೂ ಬಂದಿದ್ದ. ಹೆಚ್ಚುವುದಕ್ಕೆ, ತುರಿಯುವುದಕ್ಕೆ ಆ ದಿನದ ಮಟ್ಟಿಗೆ ತಂದ ನಾಲ್ಕು ಜನ ಹೊಸಬರು, ನಮ್ಮ ಕ್ರಮ ಗೊತ್ತಿಲ್ಲದವರು. ಮೇಲೆ ನೆಲ ಒರೆಸಿದ ಸಭಾಂಗಣದಲ್ಲಿ ಪುರೋಹಿತರ ಮಂತ್ರ, ಕೆಳಗೆ ಗ್ರೈಂಡರಿನ ಗರಗರ. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಸ್ಟೋರ್ ಎಂದು ಇದ್ದ ಕೋಣೆಯಲ್ಲಿ ಪೂಜೆಯ ಸಾಮಾನು ತುಂಬಿ, ಧನಿಗಳ ಮನೆಯ ಹೆಂಗಸರು ಹೂ ಕಟ್ಟುತ್ತ ಕೂತಿದ್ದರು. ಹಾಗೆ ನೋಡಿದರೆ ಅದು ಖಾಲಿ ಇದ್ದರೂ ಪ್ರಯೋಜನವಿರಲಿಲ್ಲ. ಮಹಾನೈವೇದ್ಯ ಆಗುವವರೆಗೆ ಒಂದು ಹನಿಯನ್ನೂ ನಾಲಗೆಗೆ ತಾಗಿಸುವಂತಿಲ್ಲ, ಅದಾದ ಎರಡೇ ನಿಮಿಷಕ್ಕೆ ಎಲೆ ಹಾಕುತ್ತಾರೆ. ನನ್ನ ಮೂರು ವರ್ಷದ ಉಪಾಯಕ್ಕೆ ಈ ದಿನ ಜಾಗವೇ ಇರಲಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಉಪ್ಪು ಹಾಕುವಾಗ ಎರಡೆರಡು ಸಲ ಅಳೆದೆ. ಪಲ್ಯಕ್ಕೆ ಹಾಕಿ ಕೂಗಿದೆ, ಹುಳಿಗೆ ಹಾಕಿ ಕೂಗಿದೆ. ಸಾರು ಕುದಿಗೆ ಬರುತ್ತಿರುವಾಗ ಮೇಲಿನಿಂದ ಒಬ್ಬರು ಬಂದು, ಪುರೋಹಿತರು ಇನ್ನೆರಡು ತೆಂಗಿನಕಾಯಿ ಕೇಳುತ್ತಿದ್ದಾರೆ ಎಂದರು. ಹುಡುಕಿ ಕೊಟ್ಟು ಬಂದು ಸಾರಿನ ಮುಂದೆ ನಿಂತೆ.

ಜೊತೆಗಾರ ಬಾಳೆಲೆ ಒರೆಸುತ್ತಿದ್ದವನು ಅಲ್ಲಿಂದಲೇ ಕೇಳಿದ. “ಸಾರಿಗೆ ಉಪ್ಪು ಆಯ್ತಾ ಭಟ್ರೆ? ಗ್ರೈಂಡರಿನ ಗಲಾಟೆಗೆ ಕೇಳ್ಲಿಲ್ಲ.”

ಕೂಗಿದ ನೆನಪಿತ್ತು. ಯಾವುದಕ್ಕೆ ಕೂಗಿದೆ ಎಂಬ ನೆನಪಿರಲಿಲ್ಲ. ಕೈಯಲ್ಲಿ ಉಪ್ಪಿನ ತೇವ ಇತ್ತು, ಅದು ಹುಳಿಗೆ ಹಾಕಿದಾಗಿನದ್ದೂ ಇರಬಹುದು. ನೆನಪಿನ ಆ ಜಾಗದಲ್ಲಿ ಆ ಮಳೆಗಾಲದ ಸಂಜೆಯ ಅದೇ ಮಬ್ಬು. ಸಾಧಾರಣ ಮನುಷ್ಯ ಮರೆತರೆ ಮರೆತೆ ಅಂದುಕೊಳ್ಳುತ್ತಾನೆ. ನನ್ನಂಥವನು ಮರೆತರೆ ಹಾಗಲ್ಲ, ಮತ್ತೆ ಶುರುವಾಯಿತು ಎಂದು ಬೆವರುತ್ತಾನೆ. ಹಬೆಗೆ ಮೂಗು ಒಡ್ಡಿದೆ. ಇಂಗು, ಕೊತ್ತಂಬರಿ, ಪೇಂಟು.

“ಆಯ್ತು” ಎಂಬ ಮಾತು ತುಟಿಯ ತನಕ ಬಂದಿತ್ತು. ಕುಡಿಯುವ ಕಾಲದಲ್ಲಿ ನಾನು ಎಲ್ಲದಕ್ಕೂ ಆಯ್ತು ಅಂದವನು. ಬಾಡಿಗೆ ಕಟ್ಟಿ ಆಯ್ತಾ, ಔಷಧಿ ತಗೊಂಡು ಆಯ್ತಾ, ಊರಿಗೆ ಫೋನು ಮಾಡಿ ಆಯ್ತಾ. ಆಯ್ತು ಅನ್ನುವುದು ನೀರು ಕುಡಿದಷ್ಟು ಸಲೀಸು. ಆಮೇಲೆ ಉಪ್ಪು ಇದ್ದರೆ ನನ್ನ ಪುಣ್ಯ, ಇಲ್ಲದಿದ್ದರೆ ಹೊಸಬರ ಮೇಲೆ ಹಾಕಿದರಾಯಿತು. ಅದೆಲ್ಲ ಒಂದೇ ಉಸಿರಿನಲ್ಲಿ ಹೊಳೆಯಿತು. ಎಷ್ಟು ಚುರುಕಾಗಿ ಹೊಳೆಯಿತೆಂದರೆ ನನಗೇ ಅಸಹ್ಯವಾಯಿತು.

“ಗೊತ್ತಿಲ್ಲ” ಅಂದೆ.

ಅವನು ಕೈಯಲ್ಲಿ ಎಲೆ ಹಿಡಿದುಕೊಂಡೇ ಎದ್ದು ಬಂದ. “ಏನಂದ್ರಿ?”

“ಹಾಕಿದ್ದೇನೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೈವೇದ್ಯಕ್ಕೆ ಹೀಗೇ ಹೋಗಲಿ. ಮಂಗಳಾರತಿ ಆದ ಮೇಲೆ ನಾನು ರುಚಿ ನೋಡಿ ಹೇಳ್ತೇನೆ. ಅಲ್ಲಿಯವರೆಗೆ ಎಲೆ ಹಾಕಬಾರದು.”

ಗ್ರೈಂಡರು ಅದೇ ಹೊತ್ತಿಗೆ ನಿಂತಿತ್ತು, ಹಾಗಾಗಿ ಹೊಸಬರು ನಾಲ್ವರಿಗೂ ಕೇಳಿತು. ಜೊತೆಗಾರ ಕೈಯ ಎಲೆ ಕೆಳಗಿಟ್ಟು, ಮೇಲೆ ಹೋಗಿ ಧನಿಗಳಿಗೆ ತಿಳಿಸಿದ. ಕೆಲಸ ಹೋಗುತ್ತದೆ ಎಂದು ಖಾತ್ರಿಯಾಗಿತ್ತು. ಇನ್ನು ಹೆಂಡತಿಗೆ ಬೆನ್ನು ನೋವಿನ ಬದಲು ಬೇರೆ ಏನಾದರೂ ಹೇಳಬೇಕಾಗುತ್ತದೆ ಎಂದೂ ಯೋಚಿಸಿದೆ.

ಮಂಗಳಾರತಿಯ ಗಂಟೆ ನಿಂತ ಮೇಲೆ ಧನಿಗಳು ಪೂಜೆಗೆ ಉಟ್ಟ ಪಟ್ಟೆ ಮಡಿಯಲ್ಲೇ ಕೆಳಗೆ ಬಂದರು, ಕೈಯಲ್ಲಿ ಇನ್ನೂ ಅಕ್ಷತೆ. ಮೇಲೆ ಇನ್ನೂರು ಜನ ಊಟಕ್ಕೆ ಕೂರಲು ಕಾಯುತ್ತಿದ್ದರು. ನಾನು ಸೌಟಿನಲ್ಲಿ ಸಾರು ತೆಗೆದು, ಅಂಗೈಗೆ ಬಗ್ಗಿಸಿ, ಎಲ್ಲರ ಎದುರು ನೆಕ್ಕಿದೆ. ಇಷ್ಟು ವರ್ಷದಲ್ಲಿ ಇನ್ನೊಬ್ಬರ ಕಣ್ಣ ಮುಂದೆ ಮಾಡಿದ್ದು ಅದೇ ಮೊದಲು. ಅಂಗೈ ಸುಟ್ಟಿತು.

“ಉಪ್ಪಿಲ್ಲ” ಅಂದೆ.

ಹಾಕಿರಲೇ ಇಲ್ಲ. ದೇವರಿಗೆ ಸಪ್ಪೆ ಸಾರು ಹೋಗಿತ್ತು. ಜೊತೆಗಾರ ಉಪ್ಪಿನ ಪಾತ್ರೆ ತಂದು ಮುಂದೆ ಹಿಡಿದ. ನಾನು ಹಾಕಿದೆ, ಕದಡಿದೆ, ಮತ್ತೆ ಅಂಗೈಗೆ ಹಾಕಿ ನೋಡಿದೆ, ಇನ್ನೂ ಸ್ವಲ್ಪ ಬೇಕಿತ್ತು, ಹಾಕಿದೆ. ಹುಳಿ, ಪಲ್ಯವನ್ನೂ ಒಂದೊಂದಾಗಿ ನೋಡಿದೆ, ಅವು ಸರಿ ಇದ್ದವು. “ಬಡಿಸಿ” ಎಂದು ಧನಿಗಳು ಮೇಲೆ ಹೋದರು. ಊಟ ಕಾಲು ಗಂಟೆ ತಡವಾಯಿತು. ಅದಕ್ಕೆ ಯಾರೂ ಆಕ್ಷೇಪಿಸಿದ್ದು ಕೇಳಲಿಲ್ಲ, ಪೂಜೆಯ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆದರೆ ತಾನೇ ಆಶ್ಚರ್ಯ.

ಎಲ್ಲರದ್ದೂ ಮುಗಿದು, ಅಡುಗೆಯವರ ಪಂಕ್ತಿಯೂ ಎದ್ದ ಮೇಲೆ ಧನಿಗಳು ಅಡುಗೆಮನೆಗೆ ಬಂದು ಒಂದು ಖಾಲಿ ಎಣ್ಣೆ ಡಬ್ಬದ ಮೇಲೆ ಕೂತರು. ಅವರು ಶುರು ಮಾಡುವ ಮೊದಲೇ ನಾನು ಹೇಳಿ ಮುಗಿಸಬೇಕೆಂದು ಹೇಳಿದೆ. ಮೂರು ವರ್ಷದಿಂದ ಕದ್ದು ರುಚಿ ನೋಡಿಯೇ ಉಪ್ಪು ಸರಿ ಮಾಡುತ್ತಿದ್ದೇನೆ, ಕೈಯ ಅಳತೆ ಕುಡಿತದ ಜೊತೆಗೇ ಹೋಯಿತು, ಈ ಒಲೆಗೆ ನಾನು ತಕ್ಕವನಲ್ಲ, ಬೇರೆಯವರನ್ನು ನೋಡಿ ಎಂದೆ.

ಧನಿಗಳು ನಗಲಿಲ್ಲ. “ನೀವು ಸ್ಟೋರಿಗೆ ಬಟ್ಟಲು ತಗೊಂಡು ಹೋಗುವುದು ಇಡೀ ಹೋಟೆಲಿಗೆ ಗೊತ್ತುಂಟು ಭಟ್ರೆ. ತನ್ನ ಚಮಚ ತಾನೇ ತೊಳೆದಿಡುವ ಭಟ್ರು ಬೇರೆ ಯಾರಿದ್ದಾರೆ ನಮ್ಮಲ್ಲಿ?”

“ಗೊತ್ತಿದ್ದೂ ಇಲ್ಲಿಗೆ ಕರೆದಿರಾ?”

“ಮತ್ತೆ? ಮೊದಲು ಹೋಗುತ್ತಿದ್ದದ್ದು ಬಾಟ್ಲಿಗೆ, ಅದೂ ಗೊತ್ತಿತ್ತು.”

ನನಗೆ ಕೂರಬೇಕೆನ್ನಿಸಿತು, ಆದರೆ ಇನ್ನೊಂದು ಡಬ್ಬ ಇರಲಿಲ್ಲ. “ಆಗ ಉಪ್ಪು ಸರಿ ಇತ್ತು ಧನಿ. ಕುಡಿದರೂ ಸರಿ ಇತ್ತು. ಅದೇ ನನಗೆ” ಎಂದು ಹೇಳುತ್ತ ಹೇಳುತ್ತ ನಿಲ್ಲಿಸಿದೆ. ಯಾಕೆಂದರೆ ಧನಿಗಳು ಆಗಲೇ ತಲೆ ಅಲ್ಲಾಡಿಸುತ್ತಿದ್ದರು.

“ಸರಿ ಇತ್ತು ಅಂತ ಹೇಳಿದ್ದು ಯಾರು ನಿಮಗೆ? ಒಂದು ದಿನ ಉಪ್ಪೇ ಉಪ್ಪು, ಒಂದು ದಿನ ಏನೂ ಇಲ್ಲ. ನೀವು ಸ್ಟೋರಿಗೆ ಹೋದ ಹೊತ್ತಿಗೆ ಇವನು ದಿನಾ ರುಚಿ ನೋಡಿ ಸರಿ ಮಾಡ್ತಿದ್ದ.” ಅವರು ಜೊತೆಗಾರನ ಕಡೆ ಕೈ ತೋರಿಸಿದರು. ಅವನು ನಮಗೆ ಬೆನ್ನು ಹಾಕಿ ಸಾರಿನ ಪಾತ್ರೆ ಉಜ್ಜುತ್ತಿದ್ದ. “ನೀವು ಕುಡಿತ ಬಿಟ್ಟು ಬಂದ ದಿನ ನಾನೇ ಹೇಳಿದ್ದು, ಇನ್ನು ಮುಟ್ಟಬೇಡ, ಅವರು ಮಾಡಿದ್ದು ಹಾಗೇ ಹೋಗ್ಲಿ ಅಂತ. ಒಂದು ವಾರ ಹೆಚ್ಚುಕಡಿಮೆ ಆಯ್ತು. ಆಗಲಿ, ಅದಕ್ಕೇನು? ಆಮೇಲೆ ಮೂರು ವರ್ಷ ನೀವು ಮಾಡಿದ್ದನ್ನು ಯಾರೂ ಮುಟ್ಟಲಿಲ್ಲ ಮಾರಾಯ್ರೆ.” ಎದ್ದು ಪಂಚೆ ಕೊಡವಿಕೊಂಡು, ಸೋಮವಾರದಿಂದ ಇಲ್ಲಿಗೇ ಬನ್ನಿ ಎಂದು ಹೇಳಿ ಮೇಲೆ ಹೋದರು.

ಆ ಹೊತ್ತಿನಲ್ಲಿ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ನಾಚಿಕೆ, ಕಿವಿಯವರೆಗೂ ಬಿಸಿಯಾಗುವಂಥ ನಾಚಿಕೆ. ಆಮೇಲೆ ಒಂಥರಾ ಸೂತಕ. ಮೂರು ವರ್ಷ ನಾನು ಯಾರ ಮುಂದೆ ತಲೆ ತಗ್ಗಿಸಿಕೊಂಡು ಬದುಕಿದ್ದೆನೋ, ಯಾರ ಕೈಗುಣಕ್ಕೆ ನಾನು ಸಮನಲ್ಲ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆನೋ, ಆ ಕುಡುಕ ಮಹಾಶಯ ಇರಲೇ ಇಲ್ಲ. ಅವನಿಗೆ ಬಂದ ಹೊಗಳಿಕೆಯೆಲ್ಲ ಪಕ್ಕದ ಒಲೆಯವನದ್ದು. ಇಬ್ಬರಲ್ಲಿ ಬಟ್ಟಲು ಮುಚ್ಚಿಕೊಂಡು ಓಡಾಡುವ ಈ ಮನುಷ್ಯನೊಬ್ಬನೇ ಸ್ವಂತವಾಗಿ ಅಡುಗೆ ಮಾಡಿದವನು. ಅಳು ಬಂತು. ಹೊಸಬರು ಹೊರಗೆ ಹೋಗಿದ್ದರು, ಅದೊಂದು ಉಪಕಾರವಾಯಿತು.

“ಯಾಕೆ ಹೇಳಲಿಲ್ಲ ನೀನು?” ಎಂದು ಜೊತೆಗಾರನನ್ನು ಕೇಳಿದೆ.

ಅವನು ಪಾತ್ರೆಯಿಂದ ತಲೆಯೆತ್ತಲಿಲ್ಲ. “ಹೇಗೆ ಹೇಳುವುದು ಭಟ್ರೆ? ನೋಡಿದ್ದೇನೆ ಅಂತ ಹೇಳ್ಬೇಕಲ್ಲ. ರುಚಿ ನೋಡಬಾರದು ಅಂತ ಕಲಿಸಿದ್ದು ನೀವೇ.”

ಆರು ವರ್ಷ ನನ್ನ ಹಿಂದೆ ಅವನು ಬಚ್ಚಿಟ್ಟ, ಮೂರು ವರ್ಷ ಅವನ ಹಿಂದೆ ನಾನು. ಎರಡು ಒಲೆಗಳ ನಡುವೆ ಮೂರಡಿ ಜಾಗ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, “ನಿಮ್ಮ ಜೊತೆಗಾರರಿಗೆ ಒಮ್ಮೆ ಊಟಕ್ಕೆ ಹೇಳಿ” ಎಂದಳು. ಮರುದಿನ ಭಾನುವಾರ, ಶಾಲೆಯ ಕೋಣೆಗೆ ಹೋದೆ. ವಿಜಯಪುರದ ಹಿರಿಯರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು, ಎರಡು ವಾರ ಎಲ್ಲಿದ್ದಿರಿ ಎಂದು ಕೇಳಲಿಲ್ಲ.

ಸೋಮವಾರ ವಿಲೆ ಪಾರ್ಲೆಯ ಒಲೆ ಹೊತ್ತಿಸಿದೆವು. ಹೊಸ ಅಡುಗೆಮನೆ ಹದಕ್ಕೆ ಬರುವವರೆಗೆ ಒಂದು ತಿಂಗಳು ಜೊತೆಗಾರನೂ ಅಲ್ಲಿಯೇ. ಉಪ್ಪು ಹಾಕಿ ಕೂಗಿದೆ, ಅವನು ಆಯ್ತು ಅಂದ. ಏಳು ಗಂಟೆಗೆ ದೇವರಿಗೆ ಮೊದಲ ಸೌಟು ಹೋಯಿತು. ಆಮೇಲೆ ಒಲೆಯ ಮುಂದೆ ನಿಂತಲ್ಲೇ ನಾನು ಸಾಂಬಾರು ಅಂಗೈಗೆ ಬಗ್ಗಿಸಿ ನೋಡಿದೆ. ಇನ್ನೊಂದು ಸೌಟು ತೆಗೆದು ಅವನ ಕಡೆ ಹಿಡಿದು, “ನೀನೂ ನೋಡು” ಎಂದೆ. ಅವನು ಅಭ್ಯಾಸ ಬಲದಿಂದ ಆಚೆ ಈಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಆಮೇಲೆ ಅಂಗೈ ಚಾಚಿದ.